ಗಾಜಿನ ಬೀರುವಿನ ಗೊಂಬೆಗೆ ಬೆಲೆ ಕಟ್ಟುವುದು: ವಿಡಿಯೋ ಗೇಮ್ ಆಕ್ಷನ್ ಫಿಗರ್‌ಗಳ ಗುಣಮಟ್ಟ ನೋಡುವ ಪಾಠ

ಇಂಡೆಕ್ಸ್ ಫಂಡ್, 401(ಕೆ), ಎನ್‌ಆರ್‌ಇ ಡೆಪಾಸಿಟ್ ಅಂತ ಬರೆಯುತ್ತಿದ್ದವನು ಇವತ್ತು ಗೊಂಬೆಗಳ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ಇದೆ. ಎಡಿಸನ್, ಜರ್ಸಿ ಸಿಟಿ, ಪಿಸ್ಕಾಟವೇ ಕಡೆ ನಮ್ಮವರ ಮನೆಗೆ ಊಟಕ್ಕೆ ಹೋದರೆ, ಹೋಮ್ ಆಫೀಸಿನ ಗಾಜಿನ ಬೀರುವಿನಲ್ಲಿ ಕ್ರೇಟೋಸ್, ಲಿಂಕ್, ಸಾಲಿಡ್ ಸ್ನೇಕ್, ರ್ಯು ಸಾಲಾಗಿ ನಿಂತಿರುವುದು ಈಗ ಅಪರೂಪದ ದೃಶ್ಯವೇನಲ್ಲ. ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಆಡಿದ ಹುಡುಗರು ಇವತ್ತು ಡಾಲರ್ ಸಂಬಳದಲ್ಲಿ ಆ ಪಾತ್ರಗಳನ್ನೇ ಕೊಂಡು ಮನೆಗೆ ತರುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಾಫಿ ಮುಗಿಯುವ ಹೊತ್ತಿಗೆ ಒಂದು ಮಾತು ಖಂಡಿತ ಬರುತ್ತದೆ: "ಇದೂ ಒಂಥರಾ ಇನ್ವೆಸ್ಟ್‌ಮೆಂಟೇ ಅಲ್ವಾ?"

ಬ್ಯಾಲೆನ್ಸ್ ಶೀಟ್ ಓದದೆ ಷೇರಿನ ಬೆಲೆ ಮಾತ್ರ ನೋಡುವವರಿಗೆ ನಾವು ಏನು ಹೇಳುತ್ತೇವೋ, ಇಲ್ಲೂ ಅದನ್ನೇ ಹೇಳಬೇಕು. ಮೊದಲು ವಸ್ತುವನ್ನು ನೋಡಲು ಕಲಿಯಿರಿ, ಬೆಲೆಯ ಮಾತು ಆಮೇಲೆ.

ಇದನ್ನು ಕಲಿಯಲು ನಮ್ಮ ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಗಾಡ್ ಆಫ್ ವಾರ್, ಬಯೋಶಾಕ್, ಗೇರ್ಸ್ ಆಫ್ ವಾರ್, ಪೋರ್ಟಲ್ ಮುಂತಾದ ಗೇಮ್‌ಗಳ ಫಿಗರ್ ಮಾಡಿದ ನೆಕಾ ಕಂಪನಿ ಇರುವುದು ನ್ಯೂವಾರ್ಕ್ ಪಕ್ಕದ ಹಿಲ್‌ಸೈಡ್‌ನಲ್ಲಿ. ಒಂದು ಕಾಲದಲ್ಲಿ ಅಮೆರಿಕದ ಆಟಿಕೆ ವ್ಯಾಪಾರವನ್ನೇ ಆಳಿದ ಟಾಯ್ಸ್ ಆರ್ ಅಸ್‌ನ ಕೇಂದ್ರ ಕಚೇರಿ ಇದ್ದದ್ದು ನಮ್ಮ ವೇಯ್ನ್‌ನಲ್ಲಿ; 2017ರಲ್ಲಿ ದಿವಾಳಿ ಅರ್ಜಿ ಹಾಕಿ, 2018ರ ಜೂನ್ ಹೊತ್ತಿಗೆ ಅಮೆರಿಕದ ಅಂಗಡಿಗಳನ್ನೆಲ್ಲ ಮುಚ್ಚಿತು. ರಾಕ್‌ಫೆಲರ್ ಸೆಂಟರ್‌ನಲ್ಲಿ ನಿಂಟೆಂಡೋ ಅಂಗಡಿ ಇದೆ. ಬ್ರಯಂಟ್ ಪಾರ್ಕ್ ಎದುರಿನ ಕಿನೋಕುನಿಯಾದಲ್ಲಿ ಜಪಾನಿನ ಹೊಸ ಫಿಗರ್‌ಗಳು, ಅಲ್ಲಿಂದ ನಾಲ್ಕೈದು ಬ್ಲಾಕ್ ದೂರದ ಬುಕ್ ಆಫ್‌ನಲ್ಲಿ ಹಳೆಯವು. ಪ್ರತಿ ಅಕ್ಟೋಬರ್‌ನಲ್ಲಿ ಜಾವಿಟ್ಸ್ ಸೆಂಟರ್‌ನ ಕಾಮಿಕ್ ಕಾನ್. ಹಾಗಾಗಿ ಫೋಟೋ ನೋಡಿ ಆರ್ಡರ್ ಮಾಡುವ ಮೊದಲು ಕಣ್ಣಾರೆ ನೋಡುವ ಅವಕಾಶ ನಮಗಿದೆ. ಉಪಯೋಗಿಸಿಕೊಳ್ಳಿ.

ಕೈಯಲ್ಲಿ ಹಿಡಿದಾಗ ಏನು ನೋಡಬೇಕು

ನಾನು ಮೊದಲು ನೋಡುವುದು ಕಣ್ಣು. ಗೊಂಬೆಯ ಕಣ್ಣು. ಮುಖದ ಬಣ್ಣ ಸಾಮಾನ್ಯವಾಗಿ ಅಚ್ಚೊತ್ತಿದ್ದು. ಮೆತ್ತನೆಯ ಸಿಲಿಕಾನ್ ಪ್ಯಾಡ್‌ನಿಂದ ಮುದ್ರೆ ಹಾಕುತ್ತಾರೆ, ಅಥವಾ ಹೊಸ ವಿಧಾನದಲ್ಲಿ ಡಿಜಿಟಲ್ ಆಗಿ ಮುದ್ರಿಸುತ್ತಾರೆ. ಪ್ಯಾಡ್ ಅರ್ಧ ಮಿಲಿಮೀಟರ್ ಸರಿದರೂ ನಾಯಕ ಮೆಳ್ಳಗಣ್ಣನಾಗುತ್ತಾನೆ. ಒಂದೇ ಫಿಗರ್‌ನ ಐದು ಪೆಟ್ಟಿಗೆ ಅಂಗಡಿಯಲ್ಲಿದ್ದರೆ ಐದನ್ನೂ ಸಾಲಾಗಿಟ್ಟು ನೋಡಿ. ಐದು ಮುಖಗಳೂ ಬೇರೆಬೇರೆ ಇದ್ದರೆ ಆ ಕಾರ್ಖಾನೆಯ ತಪಾಸಣೆ ಎಷ್ಟು ಸಡಿಲ ಎಂದು ಅಲ್ಲೇ ಗೊತ್ತಾಗುತ್ತದೆ. ಒಳ್ಳೆಯದನ್ನು ಆರಿಸಿಕೊಳ್ಳಲು ಅಂಗಡಿಗೆ ಹೋಗಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಆಮೇಲೆ ಬಣ್ಣದ ಅಂಚು. ಬೆಲ್ಟ್ ಮತ್ತು ಅಂಗಿ ಸೇರುವಲ್ಲಿ, ಕೂದಲು ಮತ್ತು ಹಣೆ ಸೇರುವಲ್ಲಿ ಬಣ್ಣ ಒಂದರೊಳಗೊಂದು ಹರಿದಿದೆಯೇ? ಕಪ್ಪು ವಾಶ್ ಹಾಕಿ ಮಡಿಕೆಗಳಿಗೆ ಆಳ ಕೊಟ್ಟಿದ್ದಾರೆಯೇ, ಇಲ್ಲಾ ಬಣ್ಣವಿರುವ ಪ್ಲಾಸ್ಟಿಕ್ಕನ್ನು ಹಾಗೆಯೇ ಬಿಟ್ಟಿದ್ದಾರೆಯೇ? ಚರ್ಮಕ್ಕೆ ಬಣ್ಣ ಹಚ್ಚದೆ ಬರೀ ಚರ್ಮದ ಬಣ್ಣದ ಪ್ಲಾಸ್ಟಿಕ್ ಬಿಟ್ಟರೆ ಮುಖ ಮೇಣದ ಹಾಗೆ ಕಾಣುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಹಾಲೆ ಮರ ಲೇತ್ ಮೇಲೆ ತಿರುಗುವಾಗಲೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆದ್ದರಿಂದ ಬಣ್ಣ ಸುಲಭಕ್ಕೆ ಏಳುವುದಿಲ್ಲ. ಪ್ಲಾಸ್ಟಿಕ್ ಮೇಲಿನ ಬಣ್ಣ ಒಂದು ಪದರ ಅಷ್ಟೇ. ಕೀಲು ಉಜ್ಜುವ ಕಡೆ ಮೊದಲು ಸವೆಯುತ್ತದೆ. ಹಳೆಯ ಫಿಗರ್ ಕೊಳ್ಳುವಾಗ ಮೊಣಕೈ, ಮೊಣಕಾಲು, ಕುತ್ತಿಗೆ ಈ ಮೂರು ಕಡೆ ಫೋಟೋ ಕೇಳಿ. ಮಾರುವವರು ಆ ಮೂರನ್ನೇ ಕಳಿಸದಿದ್ದರೆ ಅರ್ಥ ಮಾಡಿಕೊಳ್ಳಿ.

ಕೀಲುಗಳ ವಿಷಯದಲ್ಲಿ ಸಂಖ್ಯೆಗೆ ಮರುಳಾಗಬೇಡಿ. ಪೆಟ್ಟಿಗೆ ಮೇಲೆ "30ಕ್ಕೂ ಹೆಚ್ಚು ಪಾಯಿಂಟ್ ಆಫ್ ಆರ್ಟಿಕ್ಯುಲೇಷನ್" ಎಂದಿರುತ್ತದೆ. ಅದರಲ್ಲಿ ಎಷ್ಟು ಕೀಲುಗಳು ನಿಜಕ್ಕೂ ಕೆಲಸ ಮಾಡುತ್ತವೆ? ಡಬಲ್ ಮೊಣಕೈ ಇದ್ದರೂ ದಪ್ಪ ತೋಳು ಅಡ್ಡ ಬಂದರೆ ಕೈ 90 ಡಿಗ್ರಿಗೇ ನಿಲ್ಲುತ್ತದೆ. ನನ್ನ ಪರೀಕ್ಷೆ ಸರಳ. ಗೊಂಬೆಯನ್ನು ಸ್ಟ್ಯಾಂಡ್ ಇಲ್ಲದೆ, ಗೇಮ್‌ನಲ್ಲಿ ಆ ಪಾತ್ರ ನಿಲ್ಲುವ ಭಂಗಿಯಲ್ಲಿ ನಿಲ್ಲಿಸಿ. ರ್ಯು ಹಡೌಕೆನ್ ಹೊಡೆಯುವಂತೆ ಎರಡು ಅಂಗೈ ಒಂದರ ಮೇಲೊಂದು ಬರಬೇಕು. ಬಂದೂಕು ಹಿಡಿಯುವ ಪಾತ್ರವಾದರೆ ಎರಡೂ ಕೈ ಬಂದೂಕಿಗೆ ಮುಟ್ಟಬೇಕು, ತಲೆ ಗುರಿಯ ಕಡೆ ಬಾಗಬೇಕು. ಇಷ್ಟು ಮಾಡಿದ ಮೇಲೆ ಒಂದು ದಿನ ಹಾಗೇ ಬಿಟ್ಟು ನೋಡಿ. ಮರುದಿನ ಮೊಣಕಾಲು ಬಾಗಿದ್ದರೆ ಅಥವಾ ಪಾದದ ಕೀಲು ಸೋತು ಗೊಂಬೆ ಮುಂದಕ್ಕೆ ವಾಲಿದ್ದರೆ, ಶಿಲ್ಪ ಎಷ್ಟೇ ಚೆನ್ನಾಗಿದ್ದರೂ ಅದು ಮಲಗಿಸಿಡುವ ಗೊಂಬೆ. ಹೊಸ ಫಿಗರ್‌ನ ಕೀಲು ಬಿಗಿಯಾಗಿ ಅಂಟಿಕೊಂಡಿದ್ದರೆ ಬಲವಂತ ಮಾಡಬೇಡಿ, ಪಿನ್ ತಿರುಚಿ ಮುರಿಯುತ್ತದೆ. ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ ಅಥವಾ ಹೇರ್ ಡ್ರೈಯರ್ ಹಿಡಿದು, ನಿಧಾನವಾಗಿ ತಿರುಗಿಸಿ.

ವಸ್ತು ಯಾವುದು ಎನ್ನುವುದು ಹತ್ತು ವರ್ಷದ ನಂತರದ ಪ್ರಶ್ನೆ, ಅದಕ್ಕೇ ಹಣದ ಪ್ರಶ್ನೆ. ಸಾಮಾನ್ಯ ಫಿಗರ್‌ಗಳಲ್ಲಿ ಎರಡು ಪ್ಲಾಸ್ಟಿಕ್ ಇರುತ್ತವೆ: ಮೈಗೆ ಪಿವಿಸಿ, ಗಟ್ಟಿ ಭಾಗಗಳಿಗೆ ಮತ್ತು ಕೀಲುಗಳಿಗೆ ಎಬಿಎಸ್ ಅಥವಾ ಪಿಒಎಂ. ಪಿವಿಸಿ ಸ್ವಭಾವತಃ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ಅದು ವರ್ಷಗಳು ಕಳೆದಂತೆ ಮೇಲ್ಮೈಗೆ ಬರುತ್ತದೆ. ಶಾಖ ಮತ್ತು ಗಾಳಿಯಾಡದ ಜಾಗ ಅದನ್ನು ಇನ್ನೂ ಬೇಗ ಹೊರಗೆ ತರುತ್ತವೆ. ಹಳೆಯ ಫಿಗರ್ ಮುಟ್ಟಿದಾಗ ಜೋನಿಬೆಲ್ಲ ಸವರಿದಂತೆ ಅಂಟುವುದು ಇದರಿಂದಲೇ. ಸೋಪು ನೀರಿನಲ್ಲಿ ತೊಳೆದರೆ ಕೆಲಕಾಲ ಹೋಗುತ್ತದೆ, ಮತ್ತೆ ಬರುತ್ತದೆ. ಬಿಳಿ ಎಬಿಎಸ್ ಭಾಗಗಳು ಬಿಸಿಲಿಗೆ ಹಳದಿಯಾಗುತ್ತವೆ. ದೊಡ್ಡ ಪ್ರತಿಮೆಗಳು ರೆಸಿನ್‌ನವು. ವಿವರ ಅದ್ಭುತ, ಆದರೆ ಕೆಳಗೆ ಬಿದ್ದರೆ ಪಿಂಗಾಣಿಯಂತೆ ಒಡೆಯುತ್ತವೆ. ಹತ್ತು ಕಿಲೋ ಪ್ರತಿಮೆಯನ್ನು ಮಾರುವಾಗ ಶಿಪ್ಪಿಂಗ್ ಖರ್ಚೇ ಲಾಭವನ್ನು ನುಂಗುತ್ತದೆ.

ಅಳತೆಯೂ ಮುಖ್ಯ. ಆರು ಇಂಚಿನ ಸಾಲು ಸುಮಾರು 1:12 ಪ್ರಮಾಣ, ನೆಕಾದ ಮುಖ್ಯ ಸಾಲು ಏಳು ಇಂಚಿನದು, ಹಾಟ್ ಟಾಯ್ಸ್‌ನ ಬಟ್ಟೆ ತೊಟ್ಟ ಫಿಗರ್‌ಗಳು 1:6. ಒಂದೇ ಸಾಲಿಗೆ ಅಂಟಿಕೊಂಡ ಸಂಗ್ರಹ ಒಟ್ಟಿಗೆ ಮಾರಾಟವಾಗುತ್ತದೆ. ಎಲ್ಲವನ್ನೂ ಒಂದೊಂದು ಕೊಂಡವರದು ಬಿಡಿಬಿಡಿಯಾಗಿ ಹೋಗಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದು ಮಾತು. ಅಮೆರಿಕದ 2008ರ ಗ್ರಾಹಕ ಸುರಕ್ಷತಾ ಕಾನೂನಿನ ಪ್ರಕಾರ 12 ವರ್ಷ ಮತ್ತು ಕೆಳಗಿನವರ ಆಟಿಕೆಗಳಲ್ಲಿ ಸೀಸದ ಮಿತಿ ಹತ್ತು ಲಕ್ಷಕ್ಕೆ 100 ಭಾಗ. ಪೆಟ್ಟಿಗೆ ಮೇಲೆ 14+ ಅಥವಾ 17+ ಎಂದಿದ್ದರೆ ಅದು ಮಕ್ಕಳ ಆಟಿಕೆಯೆಂದು ತಯಾರಾದದ್ದಲ್ಲ. ಅದನ್ನು ಮಕ್ಕಳ ಕೈಗೆ, ಅದಕ್ಕಿಂತ ಹೆಚ್ಚಾಗಿ ಬಾಯಿಗೆ, ಕೊಡಬೇಡಿ.

ಅರವತ್ತು ದಿನ, ಅರವತ್ತೆರಡು ಗೊಂಬೆ

ಇಷ್ಟೆಲ್ಲ ಪಾಠ ನನಗೆ ತುರ್ತಾಗಿ ಉಪಯೋಗಕ್ಕೆ ಬಂದದ್ದು ನನ್ನ ಗೆಳೆಯರೊಬ್ಬರ ಮನೆಯಲ್ಲಿ. ಲೇಆಫ್ ಆಗಿ ಎರಡನೇ ವಾರ. ಎಚ್-1ಬಿ ಇರುವವರಿಗೆ ಗೊತ್ತು: ಕೆಲಸ ಹೋದ ಮೇಲೆ ಗರಿಷ್ಠ 60 ದಿನಗಳ ಗ್ರೇಸ್ ಅವಧಿ, ಅಷ್ಟರಲ್ಲಿ ಹೊಸ ಕೆಲಸ, ಬೇರೆ ಸ್ಟೇಟಸ್ ಅಥವಾ ವಾಪಸ್ ವಿಮಾನ. ಬಾಡಿಗೆ ತಿಂಗಳಿಗೆ 2,400 ಡಾಲರ್. ಎಮರ್ಜೆನ್ಸಿ ಫಂಡ್ ಎರಡು ತಿಂಗಳಿಗೆ ಸಾಲುವಷ್ಟು. "ಅದು ಮುಗಿದರೆ ಇದಿದೆಯಲ್ಲ" ಎಂದು ಬೀರು ತೋರಿಸಿದರು. ಎಕ್ಸೆಲ್ ಶೀಟ್ ಅಚ್ಚುಕಟ್ಟಾಗಿತ್ತು: 62 ಫಿಗರ್, ಒಟ್ಟು ಮೌಲ್ಯ 9,400 ಡಾಲರ್. ಅಂದರೆ ಇನ್ನೂ ನಾಲ್ಕು ತಿಂಗಳ ಬಾಡಿಗೆ. ಆ ಲೆಕ್ಕ ನಂಬಿ ಅವರು ಕಾರ್ ಲೋನ್, ಮಗಳ ಡೇಕೇರ್ ಯಾವುದನ್ನೂ ಕಡಿಮೆ ಮಾಡಿರಲಿಲ್ಲ.

ಶೀಟಿನ ಬೆಲೆಗಳು ಎಲ್ಲಿಂದ ಬಂದವು ಎಂದು ಕೇಳಿದೆ. ಇ-ಬೇಯಲ್ಲಿ ಬೇರೆಯವರು ಕೇಳುತ್ತಿರುವ ಬೆಲೆ. ಕೇಳುವ ಬೆಲೆ ಆಸೆ, ಮಾರಾಟವಾದ ಬೆಲೆ ಮಾತ್ರ ಸತ್ಯ. ಇ-ಬೇಯಲ್ಲೇ "ಸೋಲ್ಡ್ ಐಟಮ್ಸ್" ಎಂಬ ಫಿಲ್ಟರ್ ಇದೆ, ಅದು ಇತ್ತೀಚಿನ ನಿಜವಾದ ಮಾರಾಟಗಳನ್ನು ತೋರಿಸುತ್ತದೆ. ಒಂದು ಭಾನುವಾರ ಪೂರ್ತಿ ಇಬ್ಬರೂ ಕೂತು ಒಂದೊಂದನ್ನೇ ಕೈಗೆತ್ತಿಕೊಂಡು, ನೋಡಿ, ಮೂರು ಗುಂಪು ಮಾಡಿದೆವು.

ಮೊದಲ ಗುಂಪಿನಲ್ಲಿ 9. ಪೆಟ್ಟಿಗೆ ತೆರೆಯದವು, ಅಥವಾ ತೆರೆದರೂ ಪ್ರತಿ ಬಿಡಿಭಾಗ, ಪ್ರತಿ ಹೆಚ್ಚುವರಿ ಕೈ, ಸ್ಟ್ಯಾಂಡ್ ಎಲ್ಲ ಇದ್ದವು. ಮುಖ ಸ್ವಚ್ಛ, ಕೀಲು ಬಿಗಿ. ಮಾರಾಟದ ಬೆಲೆಯಂತೆ 2,150 ಡಾಲರ್. ಸುಮಾರು 13% ಶುಲ್ಕ, ಒಂದಕ್ಕೆ 18 ಡಾಲರ್ ಶಿಪ್ಪಿಂಗ್ ಕಳೆದರೆ ಕೈಗೆ 1,708.

ಎರಡನೆಯದರಲ್ಲಿ 31. ಒಳ್ಳೆಯ ಸ್ಥಿತಿ, ಆದರೆ ಎಲ್ಲರ ಬಳಿಯೂ ಇರುವಂಥವು. ಸರಾಸರಿ 45 ಡಾಲರ್‌ನಂತೆ 1,395. ಶುಲ್ಕ ಮತ್ತು ತಲಾ 12 ಡಾಲರ್ ಶಿಪ್ಪಿಂಗ್ ಕಳೆದರೆ 842. 31 ಪಾರ್ಸೆಲ್ ಕಟ್ಟುವ ಶ್ರಮಕ್ಕೆ ನಾನು ಬೆಲೆ ಹಾಕಿಲ್ಲ.

ಮೂರನೆಯ ಗುಂಪಿನ 22 ಗೊಂಬೆಗಳೇ ಆ ದಿನದ ದುಃಖ. ಬೇಸಿಗೆಯಲ್ಲಿ ಕಿಟಕಿ ಪಕ್ಕ ನಿಂತು ವಾಲಿದವು, ಅಂಟಂಟಾದವು, ಕತ್ತಿ ಕಳೆದುಕೊಂಡವು, ಅವುಗಳಲ್ಲಿ ಎರಡು ನಕಲಿ. ಒಟ್ಟಾಗಿ ಯಾರಾದರೂ ಸ್ಥಳೀಯರು ನಗದು ಕೊಟ್ಟರೆ 300 ಡಾಲರ್. ಶೀಟಿನಲ್ಲಿ ಇವುಗಳ ಮೌಲ್ಯ 2,000ಕ್ಕೂ ಹೆಚ್ಚಿತ್ತು.

ಮೂರೂ ಸೇರಿ 2,850 ಡಾಲರ್. ಶೀಟಿನ ಮೌಲ್ಯದ ಸುಮಾರು 30%, ಬಾಡಿಗೆಯ ಲೆಕ್ಕದಲ್ಲಿ ಒಂದು ತಿಂಗಳು ಮತ್ತು ಐದಾರು ದಿನ. ಅವರ ಹೆಂಡತಿ ಅಲ್ಲಿಯವರೆಗೂ ಮಾತಾಡಿರಲಿಲ್ಲ. "ಓಕ್ ಟ್ರೀ ರೋಡಿನಲ್ಲಿ ಬಳೆ ಮಾರಿದ್ರೂ ಮೇಕಿಂಗ್ ಚಾರ್ಜ್ ಮಾತ್ರ ಹೋಗ್ತಿತ್ತು" ಎಂದರು. ಹೋಲಿಕೆ ಚುಚ್ಚುವಂತಿತ್ತು, ಆದರೆ ಸರಿಯಾಗಿತ್ತು. ಒಡವೆಯ ಹಿಂದೆ ಚಿನ್ನದ ತೂಕ ಇದೆ, ಆ ತೂಕಕ್ಕೆ ಪ್ರತಿದಿನ ಪ್ರಪಂಚದಾದ್ಯಂತ ಒಂದು ಬೆಲೆ ಇದೆ. ಗೊಂಬೆಯ ಹಿಂದೆ ಇರುವುದು ಇನ್ನೊಬ್ಬ ಅಭಿಮಾನಿಯ ಆಸೆ. ಆ ಅಭಿಮಾನಿ ಈ ವಾರವೇ ಬರಬೇಕೆಂದಿಲ್ಲ.

ಆ ಸಂಜೆಯೇ ಕುಟುಂಬದ ಬಜೆಟ್ ಮತ್ತೆ ಬರೆದರು. ಮೊದಲ ಗುಂಪಿನ ಒಂಬತ್ತರಲ್ಲಿ ಏಳನ್ನು ಒಂದೇ ತಿಂಗಳಲ್ಲಿ ಮಾರಿದರು. ಎರಡನೆಯ ಗುಂಪಿಗೆ ಕೈ ಹಾಕಲಿಲ್ಲ. ಪಾರ್ಸೆಲ್ ಕಟ್ಟುವ ಸಮಯದಲ್ಲಿ ಇಂಟರ್‌ವ್ಯೂಗೆ ತಯಾರಿ ಮಾಡುವುದು ಲಾಭ ಎಂದು ಇಬ್ಬರಿಗೂ ಅನ್ನಿಸಿತು. 47ನೇ ದಿನ ಹೊಸ ಆಫರ್ ಬಂತು.

ಅಪರೂಪ ಎನ್ನುವುದು ಯಾರ ಕೈಯಲ್ಲಿದೆ?

ಗುಣಮಟ್ಟ ಚೆನ್ನಾಗಿದ್ದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಬೆಲೆ ಏರಲು ಕೊರತೆ ಬೇಕು, ಮತ್ತು ಆ ಕೊರತೆಯ ನಲ್ಲಿ ಹೆಚ್ಚಾಗಿ ತಯಾರಕರ ಕೈಯಲ್ಲೇ ಇರುತ್ತದೆ.

ಇದಕ್ಕೆ ಅಮೀಬೋಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಂಟೆಂಡೋ 2014ರ ನವೆಂಬರ್ 21ರಂದು ಇವನ್ನು ಅಮೆರಿಕದಲ್ಲಿ ತಂದಾಗ ಬೆಲೆ 12.99 ಡಾಲರ್. ಕೆಲವೇ ವಾರಗಳಲ್ಲಿ ಮಾರ್ಥ್, ವಿಲೇಜರ್, ವೀ ಫಿಟ್ ಟ್ರೇನರ್ ಈ ಮೂರೂ ಅಂಗಡಿಗಳಿಂದ ಮಾಯವಾದವು, ಮರುಮಾರಾಟದಲ್ಲಿ ಬೆಲೆ ಹಲವು ಪಟ್ಟಾಯಿತು. ಕಾರ್ಖಾನೆಯ ತಪ್ಪಿಗೂ ಬೆಲೆ ಬಂತು: ಎರಡೂ ಕೈಗೆ ಫಿರಂಗಿ ಅಂಟಿಸಿಕೊಂಡು ಬಂದ ಒಂದು ಸೇಮಸ್ ಫಿಗರ್ ಇ-ಬೇಯಲ್ಲಿ 2,500 ಡಾಲರ್‌ಗೆ ಹೋಯಿತು. ಆಮೇಲೆ ನಿಂಟೆಂಡೋ ಮತ್ತೆ ತಯಾರಿಸಿ ಅಂಗಡಿಗೆ ಕಳಿಸಿತು. ಅಚ್ಚು ಅವರ ಬಳಿ ಇದೆ, ಪಾತ್ರದ ಹಕ್ಕು ಅವರದ್ದು, ಬೇಡಿಕೆಯ ಲೆಕ್ಕವೂ ಅವರ ಬಳಿ ಇದೆ. ಡಬ್ಬಲ್ ಫಿರಂಗಿ ಸೇಮಸ್‌ನಂಥ ತಪ್ಪನ್ನು ಅವರು ಮತ್ತೆ ಮಾಡಲಾರರು, ಸರಿಯಾದ ಮಾರ್ಥ್‌ನನ್ನು ಎಷ್ಟು ಬೇಕಾದರೂ ಮಾಡಬಲ್ಲರು. ಜಪಾನಿನ ಗುಡ್ ಸ್ಮೈಲ್ ಕಂಪನಿ ಸಹ ನೆಂಡೊರಾಯ್ಡ್‌ಗಳನ್ನು ಆಗಾಗ ಮರುಬಿಡುಗಡೆ ಮಾಡುತ್ತದೆ. ಮರುಬಿಡುಗಡೆಯ ಘೋಷಣೆ ಬಂದ ದಿನ ಹಳೆಯದರ ಬೆಲೆ ಕುಸಿಯುವುದನ್ನು ನೀವೇ ಗಮನಿಸಬಹುದು. ಷೇರು ಭಾಷೆಯಲ್ಲಿ ಹೇಳುವುದಾದರೆ ಯಾವಾಗ ಬೇಕಾದರೂ ಹೊಸ ಷೇರು ಹೊರಡಿಸಬಹುದಾದ ಕಂಪನಿ, ನಿಮ್ಮ ಕೈಯಲ್ಲಿ ವೋಟ್ ಇಲ್ಲ.

ಇನ್ನೊಂದು ಅಪಾಯ, ಇನ್ನೂ ಚೆನ್ನಾದದ್ದು ಕಡಿಮೆ ಬೆಲೆಗೆ ಬರುವುದು. ಸ್ಟ್ರೀಟ್ ಫೈಟರ್ ಫಿಗರ್ ಎಂದರೆ ಬಹಳ ವರ್ಷ ಸ್ಟಾರ್ಮ್ ಕಲೆಕ್ಟಿಬಲ್ಸ್ ಅಥವಾ ಬಂಡೈನಂಥವರ ದುಬಾರಿ ಸಾಲುಗಳೇ ಗಟ್ಟಿ ಆಯ್ಕೆಯಾಗಿದ್ದವು. 2023ರಲ್ಲಿ ಜಾಡಾ ಟಾಯ್ಸ್ ಸುಮಾರು 25 ಡಾಲರ್‌ಗೆ ರ್ಯು, ಚುನ್-ಲಿ, ಫೇ ಲಾಂಗ್ ತಂದಿತು. ಅಚ್ಚುಕಟ್ಟಾದ ಬಣ್ಣ, ಬೇಕಾದಷ್ಟು ಕೀಲು, ಬದಲಿ ಕೈಗಳು. ದುಬಾರಿಯದನ್ನು ಪ್ರೀತಿಯಿಂದ ಕೊಂಡವರಿಗೆ ಇದರಿಂದ ನಷ್ಟವಿಲ್ಲ. ಮಾರುವ ಲೆಕ್ಕದಲ್ಲಿ ಕೊಂಡವರಿಗೆ ಮಾತ್ರ ಮೇಲ್ಚಾವಣಿ ತಗ್ಗಿತು. ಬೆಲೆಯನ್ನೇ ಗುಣಮಟ್ಟ ಎಂದು ಓದುವವರು ಈ ಎರಡನ್ನು ಒಂದು ಸಲ ಪಕ್ಕಪಕ್ಕ ಇಟ್ಟು ನೋಡಬೇಕು.

ಲೈಸೆನ್ಸ್ ಕೈ ಬದಲಾಗುವುದನ್ನೂ ಗಮನಿಸಿ. ಹೇಲೋ ಗೇಮ್‌ನ ಫಿಗರ್‌ಗಳನ್ನು ಜಾಯ್‌ರೈಡ್, ಮ್ಯಾಕ್‌ಫಾರ್ಲೇನ್, ಮ್ಯಾಟೆಲ್, ಜಾಜ್‌ವೇರ್ಸ್ ಹೀಗೆ ಒಬ್ಬರ ನಂತರ ಒಬ್ಬರು ಮಾಡಿದ್ದಾರೆ. ಲೈಸೆನ್ಸ್ ಹೋದ ಕಂಪನಿಯ ಅಚ್ಚು ಮೂಲೆ ಸೇರುವುದರಿಂದ ಹಳೆಯ ಫಿಗರ್ ನಿಜವಾಗಿ ಮತ್ತೆ ಬರುವುದಿಲ್ಲ. ಆದರೆ ಅದೇ ಮಾಸ್ಟರ್ ಚೀಫ್ ಇನ್ನೊಬ್ಬರಿಂದ ಇನ್ನೂ ಚೆನ್ನಾಗಿ ಬರುತ್ತಾನೆ. ಹಾಗಾಗಿ ನನ್ನ ಅಂದಾಜಿನಲ್ಲಿ ನಿಲ್ಲುವುದು ಮುಖ್ಯ ಪಾತ್ರಗಳಿಗಿಂತ ಚಿಕ್ಕ ಪಾತ್ರಗಳು. ನಾಯಕನನ್ನು ಹತ್ತು ಕಂಪನಿ ಮಾಡುತ್ತವೆ. ಮೂರನೇ ಹಂತದ ಖಳನಾಯಕನನ್ನು ಒಬ್ಬರು ಒಮ್ಮೆ ಮಾಡಿ ಬಿಡುತ್ತಾರೆ. ಮ್ಯಾಕ್‌ಫಾರ್ಲೇನ್ 1990ರ ದಶಕದ ಕೊನೆಯಲ್ಲಿ ಮಾಡಿದ ಮೆಟಲ್ ಗಿಯರ್ ಸಾಲಿಡ್ ಸರಣಿಯಲ್ಲಿ ಸ್ನೇಕ್ ಜೊತೆ ಸೈಕೋ ಮ್ಯಾಂಟಿಸ್, ವಲ್ಕನ್ ರೇವನ್ ಕೂಡ ಇದ್ದರು. ಸ್ನೇಕ್ ಆಮೇಲೆ ಎಷ್ಟೋ ರೂಪದಲ್ಲಿ ಬಂದ, ರೇವನ್‌ನನ್ನು ಹುಡುಕಿ ನೋಡಿ.

ನಮ್ಮ ಹಿಲ್‌ಸೈಡ್‌ನ ನೆಕಾ 2013ರಲ್ಲಿ ಇನ್ನೊಂದು ದಾರಿ ತೋರಿಸಿತು. 1989ರ ಎನ್‌ಇಎಸ್ ಗೇಮ್‌ನಲ್ಲಿ ಜೇಸನ್ ವೂರ್‌ಹೀಸ್ ನೇರಳೆ-ನೀಲಿ ಬಣ್ಣದಲ್ಲಿದ್ದ. ನೆಕಾ ಆ ಬಣ್ಣವನ್ನೇ ತನ್ನ ಜೇಸನ್ ಫಿಗರ್‌ಗೆ ಹಚ್ಚಿ, ಹಳೆಯ ಗೇಮ್ ಪೆಟ್ಟಿಗೆಯನ್ನು ನೆನಪಿಸುವ ಪೆಟ್ಟಿಗೆಯಲ್ಲಿಟ್ಟು ಸ್ಯಾನ್ ಡಿಯೆಗೊ ಕಾಮಿಕ್ ಕಾನ್‌ಗೆ ತಂದಿತು. ಅಲ್ಲಿ ಹೊಸದೆಂದರೆ ಬಣ್ಣ ಮತ್ತು ಪೆಟ್ಟಿಗೆ. ಇಂಥ ಫಿಗರ್‌ನ ಅರ್ಧ ಮೌಲ್ಯ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಎಸೆದು ಗೊಂಬೆ ಮಾತ್ರ ಇಟ್ಟುಕೊಂಡರೆ ಮದುವೆ ಸೀರೆಯ ಜರಿ ಕಿತ್ತು ಮಾರಿದ ಹಾಗೆ.

ಇಡೀ ಉದ್ಯಮ ಉಬ್ಬಿದಾಗ ಏನಾಗುತ್ತದೆ ಎನ್ನುವುದಕ್ಕೆ ಫಂಕೋ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಆ ಕಂಪನಿ, 3 ರಿಂದ 3.6 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ಇಟ್ಟುಕೊಳ್ಳುವ ಖರ್ಚಿಗಿಂತ ನಾಶ ಮಾಡುವುದೇ ಲೇಸು ಎಂದು ಘೋಷಿಸಿತು. ತಯಾರಿಸಿದವರಿಗೇ ಗೋದಾಮಿನ ಬಾಡಿಗೆ ಹೊರೆಯಾದಾಗ, ನ್ಯೂಜೆರ್ಸಿಯಲ್ಲಿ ತಿಂಗಳ ಬಾಡಿಗೆ ಕೊಟ್ಟು ಸ್ಟೋರೇಜ್ ಯೂನಿಟ್ ಇಟ್ಟುಕೊಂಡವರು ಒಮ್ಮೆ ಲೆಕ್ಕ ಹಾಕಬೇಕು.

ನಕಲಿ ಮತ್ತು ಗ್ರೇಡಿಂಗ್

ನಕಲಿ ಪತ್ತೆ ಹಚ್ಚುವುದು ಅಷ್ಟು ಕಷ್ಟವಲ್ಲ. ಪೆಟ್ಟಿಗೆಯ ಬಣ್ಣ ಪೇಲವ, ಅಕ್ಷರದ ಅಂಚು ಮಸುಕು, ಕಂಪನಿಯ ಲೋಗೋ ಕಾಣೆ ಅಥವಾ ಬೇರೆ ಜಾಗದಲ್ಲಿ. ಅಸಲಿಯ ಪಾದದ ಅಡಿಯಲ್ಲೋ ಬೆನ್ನಿನಲ್ಲೋ ಹಕ್ಕುಸ್ವಾಮ್ಯದ ಸಾಲು ಸ್ಪಷ್ಟವಾಗಿರುತ್ತದೆ. ತೆರೆದ ಕೂಡಲೇ ತೀಕ್ಷ್ಣ ರಾಸಾಯನಿಕ ವಾಸನೆ, ಮೈ ಜಿಡ್ಡಿನ ಹೊಳಪು, ಕೀಲು ಸಡಿಲ. ಜಪಾನಿನಲ್ಲಿ 80 ಡಾಲರ್‌ಗೆ ಮಾರುವ ಫಿಗರ್ ಹೊಸದಾಗಿ, ಉಚಿತ ಶಿಪ್ಪಿಂಗ್ ಜೊತೆ 28 ಡಾಲರ್‌ಗೆ ಸಿಕ್ಕರೆ ಬೇರೆ ಪುರಾವೆ ಬೇಕಿಲ್ಲ.

ಗ್ರೇಡಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಎಎಫ್‌ಎ ಎಂಬ ಸಂಸ್ಥೆ ಫಿಗರ್ ಪರೀಕ್ಷಿಸಿ 100ರ ಅಳತೆಯಲ್ಲಿ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚುತ್ತದೆ. 85 ಎಂದರೆ ಚೆನ್ನಾಗಿದೆ, 90 ದಾಟಿದರೆ ಚಿನ್ನದ ದರ್ಜೆ. ಹಳೆಯ, ತೆರೆಯದ, ನೂರಾರು ಡಾಲರ್ ಬೆಲೆಯ ವಸ್ತುವಿಗೆ ಇದು ಅರ್ಥಪೂರ್ಣ. 40 ಡಾಲರ್‌ನ ಫಿಗರ್‌ಗೆ ಗ್ರೇಡಿಂಗ್ ಶುಲ್ಕ, ಎರಡು ಕಡೆಯ ಶಿಪ್ಪಿಂಗ್, ವಿಮೆ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ.

ಒಂದು ಫಿಗರ್‌ನ ಹತ್ತು ವರ್ಷ

ಈಗ ನಮ್ಮ ಎಂದಿನ ಲೆಕ್ಕ. 25 ಡಾಲರ್‌ನ ಫಿಗರ್, ನ್ಯೂಜೆರ್ಸಿ ಸೇಲ್ಸ್ ಟ್ಯಾಕ್ಸ್ 6.625% ಸೇರಿ 26.66. (ನ್ಯೂಯಾರ್ಕ್ ಸಿಟಿಯಲ್ಲಿ 8.875%, ಅಂದರೆ 27.22.) ಅದೇ 26.66 ಡಾಲರ್ ಇಂಡೆಕ್ಸ್ ಫಂಡಿನಲ್ಲಿ ವರ್ಷಕ್ಕೆ 7% ಬೆಳೆದರೆ ಹತ್ತು ವರ್ಷಕ್ಕೆ ಸುಮಾರು 52.44. ಅಷ್ಟನ್ನೇ ಗೊಂಬೆ ಕೊಡಬೇಕಾದರೆ, 13% ಶುಲ್ಕ ಮತ್ತು 12 ಡಾಲರ್ ಶಿಪ್ಪಿಂಗ್ ಕಳೆದ ಮೇಲೆ ಅಷ್ಟು ಉಳಿಯಬೇಕು. ಅಂದರೆ ಅದು 74 ಡಾಲರ್‌ಗೆ ಮಾರಬೇಕು. ಕೊಂಡದ್ದರ ಮೂರು ಪಟ್ಟಿನ ಹತ್ತಿರ, ಬರೀ ಸಮ ಮಾಡಿಕೊಳ್ಳಲು. ಹತ್ತರಲ್ಲಿ ಒಂದು ಹಾಗೆ ಏರುತ್ತದೆ ಎಂದಿಟ್ಟುಕೊಂಡರೂ ಉಳಿದ ಒಂಬತ್ತು ಅದನ್ನು ತಿಂದು ಹಾಕುತ್ತವೆ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಗೋ ಸೆಟ್‌ಗಳು ಮರುಮಾರಾಟದಲ್ಲಿ ವರ್ಷಕ್ಕೆ ಸರಾಸರಿ 11% ಕೊಟ್ಟವು ಎಂದಿತು, ಅದನ್ನು ನನಗೆ ಬಹಳ ಜನ ಕಳಿಸುತ್ತಾರೆ. ಲೆಗೋ ಗಟ್ಟಿ ಎಬಿಎಸ್, ಅಂಟುವುದಿಲ್ಲ, ಒಬ್ಬರೇ ತಯಾರಕರು, ಸೆಟ್ ನಿಂತ ಮೇಲೆ ಸಾಮಾನ್ಯವಾಗಿ ಹಾಗೇ ಮರಳುವುದಿಲ್ಲ. ಪಿವಿಸಿ ಫಿಗರ್‌ಗೆ ಆ ಅಂಕಿಯನ್ನು ಅಂಟಿಸಬೇಡಿ.

ತೆರಿಗೆ ಮತ್ತು ವೀಸಾ

ಸ್ವಂತ ಬಳಕೆಯ ವಸ್ತುವನ್ನು ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ, ಲಾಭಕ್ಕೆ ಮಾರಿದರೆ ತೆರಿಗೆ ಇದೆ. ಒಂದರ ಲಾಭವನ್ನು ಇನ್ನೊಂದರ ನಷ್ಟದಿಂದ ಸರಿದೂಗಿಸಲೂ ಆಗದು. ನನ್ನ ಗೆಳೆಯರಿಗೆ ಬಿಲ್‌ಗಳು ಇಮೇಲಿನಲ್ಲಿದ್ದವು, ಅದು ಪುಣ್ಯ. ಕೊಂಡ ಬೆಲೆ ತೋರಿಸಲಾಗದಿದ್ದರೆ ಲಾಭ ಎಷ್ಟೆಂದು ಹೇಳುವುದೇ ಕಷ್ಟ. 1099-ಕೆ ಫಾರ್ಮ್‌ನ ಫೆಡರಲ್ ಮಿತಿ 2025ರ ಕಾನೂನಿನ ನಂತರ ಮತ್ತೆ 20,000 ಡಾಲರ್ ಮತ್ತು 200 ವಹಿವಾಟಿಗೆ ಹೋಗಿದೆ, ಆದರೆ ನ್ಯೂಜೆರ್ಸಿಯ ಮಿತಿ 1,000 ಡಾಲರ್. ಏಳೆಂಟು ಒಳ್ಳೆಯ ಫಿಗರ್ ಮಾರಿದರೂ ಫಾರ್ಮ್ ಮನೆಗೆ ಬರಬಹುದು. ಬಂದರೆ ಗಾಬರಿ ಬೇಡ, ಬಿಲ್ ಇರಲಿ. ಕಲಾಕೃತಿ, ಪ್ರಾಚೀನ ವಸ್ತುಗಳಂಥ ಕಲೆಕ್ಟಿಬಲ್‌ಗಳ ದೀರ್ಘಾವಧಿ ಲಾಭಕ್ಕೆ ಗರಿಷ್ಠ ದರ 28%, ಷೇರುಗಳಿಗೆ 20%. ನಿಮ್ಮ ವಸ್ತು ಯಾವ ಗುಂಪಿಗೆ ಬರುತ್ತದೆ ಎಂದು ಸಿಪಿಎ ಬಳಿ ಕೇಳಿ.

ಎಚ್-1ಬಿಯವರು ಇನ್ನೊಂದು ವಿಷಯ ಗಮನಿಸಬೇಕು. ಮನೆಯಲ್ಲಿದ್ದ ಸ್ವಂತ ಸಾಮಾನು ಮಾರುವುದು ಒಂದು ವಿಷಯ. ಕಾಮಿಕ್ ಕಾನ್‌ನಲ್ಲಿ ಎಕ್ಸ್‌ಕ್ಲೂಸಿವ್ ಹತ್ತು ಹತ್ತು ಕೊಂಡು ಪ್ರತಿ ವಾರ ಮಾರುತ್ತಿದ್ದರೆ ಅದು ವ್ಯಾಪಾರ, ಮತ್ತು ನಿಮ್ಮ ವೀಸಾ ಕೆಲಸ ಮಾಡಲು ಬಿಡುವುದು ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಇಮಿಗ್ರೇಷನ್ ವಕೀಲರನ್ನು ಕೇಳದೆ ಆ ಕಡೆ ಹೆಜ್ಜೆ ಇಡಬೇಡಿ. 30 ಡಾಲರ್ ಲಾಭಕ್ಕಾಗಿ ಗ್ರೀನ್ ಕಾರ್ಡ್ ಫೈಲಿನಲ್ಲಿ ಪ್ರಶ್ನೆಚಿಹ್ನೆ ಯಾಕೆ?

ಇಡುವುದು ಎಲ್ಲಿ

ಅಮ್ಮ ದಸರಾ ಮುಗಿದ ಮೇಲೆ ಪಟ್ಟದ ಗೊಂಬೆಗಳನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕ್‌ನಲ್ಲಿಡುತ್ತಿದ್ದರು. ವರ್ಷಕ್ಕೊಮ್ಮೆ ಹೊರಗೆ ಬಂದು ಗಾಳಿಯಾಡುತ್ತಿದ್ದವು. ಪಿವಿಸಿಗೂ ಹೆಚ್ಚುಕಡಿಮೆ ಅದೇ ಬೇಕು: ತಂಪು, ಕತ್ತಲು, ಗಾಳಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ಗಾಜಿನ ಬೀರು ಕಿಟಕಿಯ ಎದುರು ಬೇಡ. ಜುಲೈನಲ್ಲಿ ಆಟಿಕ್ ಕುಲುಮೆ, ಅಲ್ಲಿಟ್ಟ ಪ್ರತಿಮೆ ಸೆಪ್ಟೆಂಬರ್‌ಗೆ ನಮಸ್ಕಾರ ಮಾಡುತ್ತಿರುತ್ತದೆ.

ಬೇಸ್‌ಮೆಂಟ್ ತಂಪಾಗಿದೆ ಅಂತ ಅಲ್ಲಿಡುವವರು 2021ರ ಸೆಪ್ಟೆಂಬರ್ 1ರ ರಾತ್ರಿಯನ್ನು ನೆನಪಿಸಿಕೊಳ್ಳಲಿ. ಅಂದು ಐಡಾ ಚಂಡಮಾರುತದ ಮಳೆಗೆ ನ್ಯೂಜೆರ್ಸಿ, ನ್ಯೂಯಾರ್ಕ್‌ನ ಎಷ್ಟೋ ಬೇಸ್‌ಮೆಂಟ್‌ಗಳು ಗಂಟೆಯೊಳಗೆ ತುಂಬಿದವು. ಸಾಮಾನ್ಯ ಹೋಮ್ ಅಥವಾ ರೆಂಟರ್ಸ್ ಇನ್ಶೂರೆನ್ಸ್ ಪ್ರವಾಹಕ್ಕೆ ಪರಿಹಾರ ಕೊಡುವುದಿಲ್ಲ. ಫೆಡರಲ್ ಪ್ರವಾಹ ವಿಮೆ ಪ್ರತ್ಯೇಕವಾಗಿ ಕೊಂಡಿದ್ದರೂ, ಅದು ಬೇಸ್‌ಮೆಂಟ್‌ನಲ್ಲಿರುವ ವಾಷರ್, ಡ್ರೈಯರ್, ಫ್ರೀಜರ್‌ನಂಥ ಕೆಲವೇ ವಸ್ತುಗಳಿಗೆ ಅನ್ವಯಿಸುತ್ತದೆ, ಸಂಗ್ರಹಕ್ಕಲ್ಲ. ಸಂಗ್ರಹದ ನಿಜವಾದ ಮೌಲ್ಯ ಕೆಲವು ಸಾವಿರ ಡಾಲರ್ ದಾಟಿದ್ದರೆ ಪ್ರತ್ಯೇಕ ಕಲೆಕ್ಟಿಬಲ್ಸ್ ಪಾಲಿಸಿಯ ಬಗ್ಗೆ ಏಜೆಂಟರನ್ನು ವಿಚಾರಿಸಿ. ಕೊಡುವ ಪಟ್ಟಿಯಲ್ಲಿ ಕೇಳುವ ಬೆಲೆಯ ಬದಲು ಮಾರಾಟವಾದ ಬೆಲೆ ಬರೆಯಿರಿ, ಪ್ರತಿಯೊಂದರ ಮುಖ, ಕೀಲು ಮತ್ತು ಪೆಟ್ಟಿಗೆಯ ಫೋಟೋ ಜೊತೆಗಿಡಿ. ಒಂದು ಪ್ರತಿ ಕ್ಲೌಡ್‌ನಲ್ಲಿರಲಿ, ಬೇಸ್‌ಮೆಂಟ್‌ನ ಫೈಲಿನಲ್ಲಿ ಬೇಡ.